ಅನಾನಸ್ ನಾರಿನ ಅಂಗಿ

ಸಾನ್ ರೋಕೆ, ಕಾಪಿಸ್ ಪ್ರಾಂತ್ಯ
೨೧ ಏಪ್ರಿಲ್ ೧೯೧೨

ಮನಿಲಾದ ಕೆಳಮನೆಯ ಮಾನ್ಯ ಸದಸ್ಯರೂ ನನ್ನ ಯಜಮಾನರೂ ಆದ ದೊನ್ ಆನಕ್ಲೇತೊ ಅವರಿಗೆ,

ಪೆರ್ಪೆತುವಾಳ ನಮಸ್ಕಾರಗಳು. ನಿಮ್ಮ ಕಾಗದ ಬಂದು ತಿಂಗಳಾಯಿತು, ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ನೀವು ಹೇಳಿದ ಕೆಲಸ ಮುಗಿಸಿಯೇ ಬರೆಯೋಣ ಎಂದುಕೊಂಡೆ. ಈಸ್ಟರ್ ಹಬ್ಬಕ್ಕೆ ಮೊದಲು ಉಪವಾಸದ ದಿನಗಳು, ಹಂದಿ ಕಡಿಯುವ ಹಾಗಿರಲಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಭತ್ತ ಚೆನ್ನಾಗಿ ಬಂದಿದೆ. ಬಾವಿಯ ಹಗ್ಗ ಬದಲಿಸಿದೆ.

ವಿಚ್ಛೇದನ ಮಸೂದೆಯ ವಿರುದ್ಧ ನೀವು ಮಾಡಿದ ಭಾಷಣವನ್ನು ಪತ್ರಿಕೆಯಲ್ಲಿ ಓದಿದೆ. ಮದುವೆ ಎಂದರೆ ದೇವರ ಮುಂದೆ ಕೊಟ್ಟ ಮಾತು ಎಂದಿರಂತೆ, ಮೇಲ್ಮನೆಯ ಅಮೆರಿಕನ್ನರೂ ತಲೆದೂಗಿದರಂತೆ. ಪಾದ್ರಿಗಳು ಅದನ್ನು ಪೂಜೆಯ ನಂತರ ಎಲ್ಲರಿಗೂ ಓದಿ ಹೇಳಿದರು. ನಾನು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ನಿಮ್ಮ ದಯೆಯಿಂದ ನನಗೆ ವಿಚ್ಛೇದನವಿಲ್ಲ, ಮತವಂತೂ ಮೊದಲೇ ಇಲ್ಲ.

ಇನ್ನು ಊಟದ ವಿಷಯ. "ಜೂನಿನಲ್ಲಿ ಚುನಾವಣೆ, ಊರ ಹಿರಿಯರಿಗೆ ಎಂದಿನಂತೆ ಒಂದು ಊಟ ಹಾಕಿಸು, ಉಳಿದದ್ದು ನಾನು ಬಂದು ನೋಡಿಕೊಳ್ಳುತ್ತೇನೆ" ಎಂದು ಬರೆದಿದ್ದಿರಿ. ಎರಡು ಸಲವೂ ನಿಮ್ಮ ಮಾತಿನ ಚಾತುರ್ಯದಿಂದಲೇ ಗೆದ್ದಿರಿ ಎಂಬ ಭ್ರಮೆ ನಿಮಗೆ. ಇಲ್ಲಿ ಮತವಿರುವುದು ಆಸ್ತಿಯೋ ಓದೋ ಇರುವ ಬೆರಳೆಣಿಕೆಯ ಗಂಡಸರಿಗೆ. ಅವರ ಮಕ್ಕಳಲ್ಲಿ ಅರ್ಧ ಜನರನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡು ನಿಂತವಳು ನಾನು. ನಮ್ಮ ಕಂದ ಲೆಯಾಂದ್ರೊ ತೀರಿಹೋದಮೇಲೆ, ಯಾರ ಮಗುವಾದರೂ ಸರಿ, ಎತ್ತಿಕೊಳ್ಳಲು ಕರೆದರೆ ಓಡುತ್ತಿದ್ದೆ. ಹಾಗೆ ಧರ್ಮತಾಯಿಯಾದ ನನಗೆ ಆ ಮಕ್ಕಳ ಅಪ್ಪಂದಿರೆಲ್ಲ ಕುಂಪಾರೆಗಳು, ಒಡಹುಟ್ಟಿದವರಿಗಿಂತ ಹತ್ತಿರದವರು. ಕುಂಪಾರೆಗೆ ಕೊಟ್ಟ ಮಾತು ಮುರಿಯುವವರು ಈ ಊರಿನಲ್ಲಿಲ್ಲ. ಹಾಗೆ ಮುರಿದವರು ನೀವೊಬ್ಬರೇ, ಅದೂ ಮನಿಲಾದಲ್ಲಿ.

ಸಭೆಯಲ್ಲಿ ನಿಮ್ಮ ಪಕ್ಕದ ಕುರ್ಚಿಯವರು, ಬತಾಂಗಾಸಿನ ದೊನ್ ಗೌದೆನ್ಸಿಯೊ, ಕಳೆದ ವರ್ಷ ನನಗೊಂದು ಕಾಗದ ಬರೆದಿದ್ದರು. ಒಂದು ಗಂಡುಮಗುವಿಗೆ ನಾನು ಧರ್ಮತಂದೆಯಾಗುತ್ತಿದ್ದೇನೆ, ದೀಕ್ಷೆಯ ಅಂಗಿ ಧರ್ಮತಂದೆಯೇ ಕೊಡಬೇಕಲ್ಲ, ಅನಾನಸ್ ನಾರಿನ ಬಟ್ಟೆಯ ಮೇಲೆ ನಿಮ್ಮಷ್ಟು ಚಂದದ ಕಸೂತಿ ಯಾರಿಗೂ ಬಾರದಂತೆ, ಒಂದು ಹೊಲಿದುಕೊಡಿ ಎಂದು. ಅಪ್ಪ ಯಾರೆಂದು ಅವರು ಬರೆಯಲಿಲ್ಲ, ನಾನು ಕೇಳಲಿಲ್ಲ. ಕಣ್ಣು ನೋಯುವವರೆಗೆ ಕುಳಿತು ಹೊಲಿದೆ. ನಿಮ್ಮ ಸ್ನೇಹಿತರಲ್ಲವೇ ಎಂದು ಸಂತೋಷದಿಂದಲೇ ಹೊಲಿದೆ.

ಈ ಸಲದ ಅಧಿವೇಶನದಲ್ಲಿ ಅವರು ಸಮಿತಿಯೊಂದರ ಅಧ್ಯಕ್ಷಗಿರಿಗೆ ನಿಂತರಂತೆ. ನಿಮಗೇ ನನ್ನ ಮತ ಎಂದು ಮಾತು ಕೊಟ್ಟು, ಕೊನೆಯ ಗಳಿಗೆಯಲ್ಲಿ ನೀವು ಎದುರಾಳಿಗೆ ಕೈ ಎತ್ತಿದಿರಂತೆ. ಅಧಿವೇಶನ ಮುಗಿದದ್ದೇ ತಡ, ನನಗೆ ಅವರಿಂದ ಒಂದು ಫೋಟೊ ಬಂತು. ಹಿಂದೆ ಬಣ್ಣದ ಪರದೆ. ಕುರ್ಚಿಯಲ್ಲಿ ಒಬ್ಬ ಹುಡುಗಿ. ಅವಳ ಮಡಿಲಲ್ಲಿ, ನಾನು ಹೊಲಿದ ಅಂಗಿ ತೊಟ್ಟ ಮಗು. ಒಂದು ಪಕ್ಕದಲ್ಲಿ ದೊನ್ ಗೌದೆನ್ಸಿಯೊ, ಇನ್ನೊಂದು ಪಕ್ಕದಲ್ಲಿ ನೀವು, ನಾನೇ ಗಂಜಿ ಹಾಕಿ ಇಸ್ತ್ರಿ ಮಾಡಿ ಕಳಿಸಿದ ಬಿಳಿ ಕೋಟಿನಲ್ಲಿ. ಫೋಟೊದ ಹಿಂದೆ ಹೀಗೆ ಬರೆದಿದ್ದರು: "ಅಂಗಿ ಬಹಳ ಚೆನ್ನಾಗಿದೆ, ದೊನ್ಯಾ ಪೆರ್ಪೆತುವಾ. ಮಗು ಥೇಟ್ ಅಪ್ಪನ ಹಾಗೇ ಇದೆ ಎಂದು ಎಲ್ಲರೂ ಹೇಳುತ್ತಾರೆ."

ಕುಂಪಾರೆ ಮಾಡಿಕೊಳ್ಳಲು ನಿಮಗೆ ಬೇರೆ ಯಾರೂ ಸಿಗಲಿಲ್ಲವೇ? ಗುಟ್ಟನ್ನು ಅವರ ಕೈಗೆ ಕೊಟ್ಟು, ಆಮೇಲೆ ಅವರ ಬೆನ್ನಿಗೇ ಚೂರಿ ಹಾಕಿದಿರಿ. ಇಷ್ಟು ದಡ್ಡರನ್ನು ಎರಡು ಸಲ ಗೆಲ್ಲಿಸಿದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಊಟ ಮಾತ್ರ ಭರ್ಜರಿಯಾಗಿ ನಡೆಯಿತು. ಇಡೀ ಹಂದಿಯನ್ನು ಕೆಂಡದ ಮೇಲೆ ಸುಡಿಸಿದೆ. ತೆಂಗಿನ ಹೆಂಡ ಧಾರಾಳವಾಗಿತ್ತು. ನಿಮ್ಮ ಮುದ್ದಿನ ಕಾಳಗದ ಹುಂಜವನ್ನೂ ಸಾರಿಗೆ ಹಾಕಿಸಿದೆ. ಮಾಂಸ ಸ್ವಲ್ಪ ಗಟ್ಟಿ, ರುಚಿ ಪರವಾಗಿಲ್ಲ. ಹಿಂದೆ ಊರ ಮುಖ್ಯಸ್ಥರಾಗಿದ್ದ ಮುದುಕ ಕಾಪಿತಾನ್ ಪ್ರೊಕೊಪ್ಯೊ ಕೂತ ತಕ್ಷಣ ಕೇಳಿದರು: "ಏನ್ ತಂಗೀ, ಯಜಮಾನ್ರು ಇಲ್ದೇನೇ ಇಷ್ಟು ದೊಡ್ಡ ಊಟಾನಾ?"

"ಯಜಮಾನ್ರೂ ಬಂದಿದಾರೆ ಕುಂಪಾರೆ, ನೋಡಿ" ಎಂದು ಫೋಟೊ ಅವರ ಕೈಗಿಟ್ಟೆ.

ಹಂದಿಯ ಜಿಡ್ಡು ಮೆತ್ತಿದ ಬೆರಳುಗಳಲ್ಲಿ ಅದು ಮೇಜಿನ ಸುತ್ತ ಹೋಯಿತು. ಪ್ರೊಕೊಪ್ಯೊ ಅಂದರು: "ಅಯ್ಯೋ ದೇವ್ರೇ ಅನ್ನೋ ಹಾಗಾಯ್ತಲ್ಲ! ಮನಿಲಾದಲ್ಲಿ ಬರೀ ಕಾನೂನು ಹುಟ್ತವೆ ಅಂದ್ಕೊಂಡಿದ್ದೆ ನಾನು!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಗುತ್ತಾ ಅನ್ನ ಬಡಿಸಿದೆ. ಆ ನಗು ಕೇಳಿ ಸುಖವಾಯಿತು, ಸುಳ್ಳೇಕೆ ಹೇಳಲಿ.

"ಸರಿ, ಈ ಸಲ ಯಾರ ಹೆಸರು ಬರೀಬೇಕು? ನೀನು ಹೇಳಿದ್ದೇ ಆಯ್ತು" ಎಂದರು.

"ನನ್ನ ತಮ್ಮ ಮೆಲೆಸಿಯೊ."

"ಯಾರು, ಬಾತುಕೋಳಿ ಮೆಲೆಸಿಯೊನಾ? ಅವ್ನು ಬಾಯಿ ಬಿಟ್ರೆ ಬಾತುಕೋಳಿ ಕೂಗಿದ ಹಾಗಿರುತ್ತಲ್ಲ ತಾಯಿ!"

"ಕೂಗ್ಲಿ ಬಿಡಿ. ಬಾತುಕೋಳಿಗಳು ಸಂಜೆ ಆದ್ರೆ ಮನೆಗೆ ಬರ್ತವೆ."

ಇದಕ್ಕೆ ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ಬಂದು ನನ್ನ ಕೈ ಹಿಡಿದು ಮಾತು ಕೊಟ್ಟರು. ಅವನನ್ನು ಬಾತುಕೋಳಿ ಮೇಯಿಸುವವನು ಎಂದು ನೀವು ನಮ್ಮ ಮದುವೆಯ ದಿನದಿಂದ ಅಣಕಿಸುತ್ತಿದ್ದಿರಿ. ಅಕ್ಟೋಬರಿನಲ್ಲಿ ಹೊಸ ಸಭೆ ಸೇರುವಾಗ ನಿಮ್ಮ ಕುರ್ಚಿಯಲ್ಲಿ ಅವನು ಕೂರುತ್ತಾನೆ. ಪಕ್ಕದಲ್ಲಿ ದೊನ್ ಗೌದೆನ್ಸಿಯೊ ಇದ್ದರೆ ಇಬ್ಬರಿಗೂ ಮಾತಾಡಲು ವಿಷಯವುಂಟು.

ನೀವು ಹಡಗಿನಿಂದ ಇಳಿಯುವಾಗ ಈ ಸಲ ಬ್ಯಾಂಡು ಇರುವುದಿಲ್ಲ, ಸುಮ್ಮನೆ ಕಾಯಬೇಡಿ. ಮನೆ ನನ್ನ ಅಪ್ಪನದು. ನಿಮ್ಮ ಪೆಟ್ಟಿಗೆಗಳನ್ನು ಬಂದರಿನ ಉಗ್ರಾಣದಲ್ಲಿ ಇರಿಸಿದ್ದೇನೆ, ಇಲಿಗಳಿವೆಯಂತೆ, ಬೇಗ ಬಿಡಿಸಿಕೊಳ್ಳಿ. ಆ ಹುಡುಗಿ ನಿಮ್ಮನ್ನು ಮಾನ್ಯ ಸದಸ್ಯರೆಂದು ಕಂಡವಳು. ಮಾಜಿ ಸದಸ್ಯರನ್ನೂ ಅವಳಿಗೆ ಒಮ್ಮೆ ಪರಿಚಯ ಮಾಡಿಕೊಡಿ. ಒಪ್ಪಿಕೊಂಡರೆ ಅವಳು ನಿಜವಾಗಿಯೂ ಒಳ್ಳೆಯವಳು.

ದೇವರು ನಿಮಗೆ ದೀರ್ಘಾಯುಷ್ಯ ಕೊಡಲಿ, ಇದನ್ನೆಲ್ಲ ನೆನೆಯುತ್ತ ಕೂರುವಷ್ಟು.

ಇಂತಿ ನಿಮ್ಮ ಧರ್ಮಪತ್ನಿ,
ಪೆರ್ಪೆತುವಾ

ಮರೆತಿದ್ದೆ: ಅಂಗಿಯ ಅಂಚಿನಲ್ಲಿ ಮಗುವಿನ ಹೆಸರು ಹಾಕಿ ಎಂದು ದೊನ್ ಗೌದೆನ್ಸಿಯೊ ಕೇಳಿದ್ದರು. ಲೆಯಾಂದ್ರೊ ಎಂದಿತ್ತು. ಇನ್ನೊಬ್ಬ ಲೆಯಾಂದ್ರೊ ಹುಟ್ಟಿದನಲ್ಲ, ಇವನಾದರೂ ಬಾಳಲಿ ಎಂದು ಹಿಗ್ಗಿದೆ. ಅಂಗಡಿಯ ಬಟ್ಟೆ ತರಿಸಲು ಮನಸ್ಸು ಬರಲಿಲ್ಲ. ನಮ್ಮ ಮಗುವಿನ ಅಂಗಿ ಹೊಲಿದು ಉಳಿದ ಬಟ್ಟೆ ಪೆಟ್ಟಿಗೆಯಲ್ಲಿತ್ತು, ಅದನ್ನೇ ಕತ್ತರಿಸಿದೆ. ಫೋಟೊದಲ್ಲಿ ನಿಮ್ಮ ಬೆರಳುಗಳು ಅದರ ಅಂಚನ್ನು ಹಿಡಿದಿವೆ. ಆ ಬಟ್ಟೆ ಯಾವುದೆಂದು ನಿಮಗೆ ಗೊತ್ತಾಗದೆ ಇರುವುದಿಲ್ಲ. ನಮ್ಮವನನ್ನು ಮಣ್ಣಿಗೆ ಕೊಡುವ ಮುನ್ನ ಅಂಗಿ ತೊಡಿಸಿದವರು ನೀವು, ನನ್ನಿಂದಾಗಲಿಲ್ಲ. ಈ ಮಗುವಿಗೆ ಅಂಗಿ ಅಳತೆ ತೆಗೆದ ಹಾಗೆ ಸರಿಯಾಗಿದೆ. ನಮ್ಮವನಿಗೆ ತುಂಬ ದೊಡ್ಡದಾಗಿತ್ತು. ತೋಳು ಮಡಿಸಿದವರು ನೀವೇ.