ಮುಖಪುಟದಲ್ಲಿ ಇಲ್ಲದ ಅಜ್ಜಿ

ಕೊಚಬಾಂಬಾ
೧೧ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ಅಮ್ಮಾ,

ಮೊಣಕಾಲು ಹೇಗಿದೆ? ಇಟಲಿಯಲ್ಲಿ ಈಗ ಬೇಸಿಗೆ ತಾನೆ, ನೋವು ಸ್ವಲ್ಪ ಇಳಿದಿರಬೇಕು. ನೀನು ನೋಡಿಕೊಳ್ಳುವ ಮುದುಕಿ ಈಗಲೂ ನಿನ್ನನ್ನು ಮರಿಯಾ ಅಂತಲೇ ಕರೆಯುತ್ತಾಳಾ? ನಿನ್ನ ಹೆಸರು ಎಪಿಫಾನಿಯಾ ಅಂತ ಇನ್ನೊಂದು ಸಲ ಹೇಳು. ಬಾಯಿ ತಿರುಗದಿದ್ದರೆ ತಿರುಗುವವರೆಗೆ ಹೇಳು. ಅವಳನ್ನು ಮಂಚದಿಂದ ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು ಅಂತ ಬರೆಯಬೇಕೆಂದಿದ್ದೆ. ಮಂಡಿಯೇ ನೋಯುವವಳಿಗೆ ಏನಂತ ಬರೆಯಲಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಜ್ಜಿಯ ಮೈ ಚೆನ್ನಾಗಿದೆ. ಮೈ ಮಾತ್ರ.

ಫೋನಿದ್ದೂ ಯಾಕೆ ಕಾಗದ ಅಂತ ಗಾಬರಿಯಾಗಬೇಡ. ನಿನ್ನ ಫೋನು ಬಂದಾಗೆಲ್ಲ ಅಜ್ಜಿ ನನಗೆ ಅಂಟಿಕೊಂಡೇ ಕೂತಿರುತ್ತಾಳೆ, ಈ ವಿಷಯ ಅವಳೆದುರು ಆಡುವಂಥದ್ದಲ್ಲ. ಎದುರು ಮನೆಯ ನಿಲ್ಡಾ ರಜೆ ಮುಗಿಸಿ ಮಂಗಳವಾರ ನಿಮ್ಮ ಬೆರ್ಗಮೊಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ಮೇಲೆ ಅಳಬೇಡ, ಬಯ್ಯಿ. ಬಯ್ಯುವುದಕ್ಕೆ ಬೇಕಾದ್ದೆಲ್ಲ ಇದರಲ್ಲಿದೆ.

ನನ್ನ ಕೆಲಸ ನಡೆಯುತ್ತಿದೆ. ಅಡುಗೆಮನೆಯ ಮೇಜೇ ನನ್ನ ಆಫೀಸು, ಅರ್ಧ ಮೇಜಿನ ಮೇಲೆ ಲ್ಯಾಪ್‌ಟಾಪು, ಇನ್ನರ್ಧದಲ್ಲಿ ಅಜ್ಜಿಯ ಜೋಳ. ಊರಿನ ಸಣ್ಣ ಅಂಗಡಿಗಳೆಲ್ಲ ಈಗ ವೆಬ್‌ಸೈಟ್ ಬೇಕು ಅಂತ ಹೊರಟಿವೆ. ಟೈರು ರಿಪೇರಿಯವನು, ಹಲ್ಲಿನ ಡಾಕ್ಟರು, ಹಂದಿ ಹುರಿದು ಮಾರುವ ದೋನ್ಯಾ ರುಫಿನಾ, ಎಲ್ಲರದ್ದೂ ನಾನೇ ಮಾಡಿದ್ದು. ಯಾರೂ ಬರೆದು ಹೇಳುವುದಿಲ್ಲ. ಬಸ್ಸಿನಲ್ಲಿ ನೇತಾಡಿಕೊಂಡು, ಮೂಗು ಸೀನಿಕೊಂಡು, ಫೋನಿನಲ್ಲಿ ಧ್ವನಿ ತುಂಬಿ ಕಳಿಸುತ್ತಾರೆ: ‘ಮಗಳೇ, ಎಲ್ಲಾ ಚೆನ್ನಾಗಿದೆ, ನನ್ನ ಹೆಸರೊಂದು ಚಿಕ್ಕದಾಯ್ತು ನೋಡು.’ ಹೆಸರು ದೊಡ್ಡದು ಮಾಡಿದರೆ, ‘ಈಗ ಪಕ್ಕದಲ್ಲಿ ಜಾಗ ಖಾಲಿ ಹೊಡೀತಿದೆ, ಒಂದು ಹೂವು ಹಾಕು.’ ಹೂವು ಹಾಕುತ್ತೇನಮ್ಮಾ. ಹೂವಿಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಮುಖಗಳದ್ದು. ಹಲ್ಲಿನ ಡಾಕ್ಟರಿಗೆ ಹಳದಿ ಕೂದಲಿನವಳ ನಗು ಬೇಕು. ದೋನ್ಯಾ ರುಫಿನಾಳಿಗೆ ಊಟದ ಮೇಜಿನ ಸುತ್ತ ನೀಲಿ ಕಣ್ಣಿನ ಸಂಸಾರ ಬೇಕು. ಆ ಸಂಸಾರ ಜನ್ಮದಲ್ಲಿ ಅವಳ ಹಂದಿಯ ವಾಸನೆ ನೋಡಿರಲಿಕ್ಕಿಲ್ಲ. ಟೈರಿನವನಿಗೂ ಬಿಳಿ ಕೈ ಬೇಕು, ಗ್ರೀಸು ಮೆತ್ತಿದ ಬಿಳಿ ಕೈ! ಇಂಟರ್ನೆಟ್ಟಿನಲ್ಲಿ ಇಂಥ ಮುಖಗಳು ರಾಶಿ ರಾಶಿ ಮಾರಾಟಕ್ಕಿವೆ. ಐನೂರು ವರ್ಷ ನಮ್ಮ ಬೆನ್ನ ಮೇಲೆ ಸವಾರಿ ಮಾಡಿದವರನ್ನು ನಾವೇ ಕರೆತಂದು ನಮ್ಮ ಅಂಗಡಿಯ ಬಾಗಿಲಿಗೆ ಕಾವಲು ನಿಲ್ಲಿಸುತ್ತಿದ್ದೇವೆ. ‘ನಮ್ಮ ಮುಖ ಹಾಕಿದ್ರೆ ಯಾರು ಬರ್ತಾರೆ ಮಗಳೇ?’ ಎಂದು ಕೇಳುವವರು ನಮ್ಮವರೇ. ನಾನು ಹಲ್ಲು ಕಚ್ಚಿಕೊಂಡು ಹಾಕಿಕೊಡುತ್ತಿದ್ದೆ. ಸಂಜೆ ನಮ್ಮ ಮೂಲನಿವಾಸಿಗಳ ಸಂಘಟನೆಯ ಸಭೆಗೆ ಹೋಗಿ ಅದರ ವಿರುದ್ಧವೇ ಭಾಷಣ ಮಾಡುತ್ತಿದ್ದೆ.

ಆಮೇಲೆ ದೋನ್ ಎರ್ಮೋಹೆನೆಸ್ ಬಂದರು. ನನ್ನ ಜ್ಞಾನಸ್ನಾನದ ದಿನ ನನ್ನನ್ನು ಎತ್ತಿಕೊಂಡು ನಿಂತ ನಿನ್ನ ಅದೇ ಎರ್ಮೋಹೆನೆಸ್, ನನ್ನ ಪದ್ರೀನೋ. ಜ್ಞಾನತಂದೆ ಕ್ಲೈಂಟಾಗಿ ಬಂದರೆ ಏನಾಗುತ್ತದೆಂದು ನಿನಗೆ ಗೊತ್ತೇ ಇದೆ, ಆತ ಕೆಲಸ ಕೊಡುವುದಿಲ್ಲ, ಆಶೀರ್ವಾದ ಕೊಡುತ್ತಾನೆ. ಮಾರುಕಟ್ಟೆಯಲ್ಲಿ ಅವರ ಲಂಗದ ಅಂಗಡಿ ಈಗ ಎರಡು ಅಂತಸ್ತು. ನಮ್ಮ ನೆರಿಗೆಯ ಲಂಗ, ಪೊಲ್ಯೆರಾ, ಅದು ಬಿಟ್ಟು ಅಲ್ಲಿ ಬೇರೇನಿಲ್ಲ. ನನಗೆ ಎದೆ ಉಬ್ಬಿತು. ಇಲ್ಲಾದರೂ ಹಳದಿ ಕೂದಲು ನುಗ್ಗಲಾರದು ಅಂದುಕೊಂಡೆ. ‘ಪದ್ರೀನೋ, ಮುಖಪುಟಕ್ಕೆ ಅಜ್ಜಿಯ ಫೋಟೊ ಹಾಕೋಣ’ ಅಂದೆ. ಅವರ ಅಂಗಡಿಯ ಬಾಗಿಲಲ್ಲೇ ಕೂತು ನೇರಳೆ ಜೋಳದ ಬಿಸಿ ಬಿಸಿ ಗಂಜಿ, ಅಪಿ, ಬಗ್ಗಿಸಿ ಮಾರುತ್ತಾ ಮುದುಕಿಯಾದವಳು. ಅವರ ಲಂಗ ಬಿಟ್ಟು ಬೇರೆ ಉಟ್ಟವಳಲ್ಲ. ಅವರೂ ಜ್ಞಾನಸ್ನಾನದಿಂದ ಬಂದ ನೆಂಟಸ್ತಿಕೆಯ ಸಲುಗೆಯಲ್ಲಿ ‘ಓಹೋ, ಆಗ್ಲಿ, ನಮ್ಮ ಕೊಮಾದ್ರೆ ರಾಣಿ ಥರ ಕಾಣ್ತಾರೆ’ ಅಂದರು.

ಆ ದಿನ ನೀನು ನೋಡಬೇಕಿತ್ತು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ನನ್ನ ಕೈಯಲ್ಲಿ ಎರಡು ಜಡೆ ಹಾಕಿಸಿಕೊಂಡಳು. ಜಡೆ ಸಡಿಲವಾಯಿತೆಂದು ಬಿಚ್ಚಿಸಿ ಮತ್ತೆ ಹಾಕಿಸಿಕೊಂಡಳು. ಎತ್ತರದ ಬಿಳಿ ಟೋಪಿಯನ್ನು ಹಿಟ್ಟು ಹಚ್ಚಿ ಉಜ್ಜಿದಳು. ಕ್ಯಾಮೆರಾದೆದುರು ಕೂತ ಮೇಲೆ ಬಾಯಿ ನಿಲ್ಲಲೇ ಇಲ್ಲ: ‘ಏನೇ, ಫೋಟೊ ತೆಗೀತಿದ್ದೀಯೋ ಗುರಿಯಿಟ್ಟು ಹೊಡೀತಿದ್ದೀಯೋ? ಬೇಗ ಮುಗ್ಸು, ಒಲೆ ಮೇಲೆ ಅಪಿ ಇದೆ.’ ನಗು ಅಂದರೆ, ‘ಮೊದ್ಲೇ ಹೇಳ್ಬಾರ್ದಾ, ಹಲ್ಲು ಕಟ್ಟಿಸ್ಕೊಂಡು ಬರ್ತಿದ್ದೆ.’ ಕೊನೆಗೆ ನಗಲಿಲ್ಲ. ನೆಟ್ಟಗೆ ನೋಡಿದಳು. ಆ ಫೋಟೊ ನಾನು ತೆಗೆದದ್ದರಲ್ಲೆಲ್ಲ ಒಳ್ಳೆಯದು. ಬಿಸಿಲು ಸುಟ್ಟ ಕೆನ್ನೆ, ಕಣ್ಣಿನ ಸುತ್ತ ಹೊಲದ ಸಾಲಿನಂಥ ಸುಕ್ಕು, ಅದರ ಕೆಳಗೆ ಹಸಿರು ಲಂಗ ನೀರಿನ ಹಾಗೆ ಹರಡಿಕೊಂಡಿತ್ತು. ಮಾರನೆಯ ದಿನದಿಂದ ಅಂಗಡಿ ಸಾಲಿನ ಎಲ್ಲ ಹೆಂಗಸರಿಗೂ ಅಪಿ ಜೊತೆ ಸುದ್ದಿಯನ್ನೂ ಬಗ್ಗಿಸಿಕೊಟ್ಟಳು: ‘ಇನ್ಮೇಲೆ ನಾನು ಇಟಲಿಯಲ್ಲೂ ಕಾಣ್ತೀನಂತೆ, ನಮ್ಮ ಎಪಿಫಾನಿಯಾ ಅಲ್ಲಿಂದ್ಲೇ ನೋಡ್ಬೋದಂತೆ.’

ದೋನ್ ಎರ್ಮೋಹೆನೆಸ್ ಫೋಟೊ ನೋಡಿದರು. ಬಹಳ ಹೊತ್ತು ನೋಡಿದರು. ‘ಚೆನ್ನಾಗಿದೆ ಮಗಳೇ. ಒಂಚೂರು ತಿಳಿ ಮಾಡು. ಜಾಸ್ತಿ ಬೇಡ, ಕಾಫಿಗೆ ಹಾಲು ಹಾಕಿದ ಹಾಗೆ.’

ಅಮ್ಮಾ, ನನ್ನ ತಲೆಗೆ ಬೆಂಕಿ ಹತ್ತಿತು. ಗಿರಾಕಿಗಳು ನಿಂತಿದ್ದರು, ಅವರ ಅಳಿಯ ನಿಂತಿದ್ದ, ನಾನು ನೋಡಲಿಲ್ಲ. ಆಕೆಯ ಚರ್ಮವನ್ನು ಸುಟ್ಟಿದ್ದು ನಿಮ್ಮ ಅಂಗಡಿ ಮುಂದಿನ ಬಿಸಿಲು ಅಂದೆ. ನಮ್ಮ ಲಂಗ ಮಾರಿ ಮಹಡಿ ಕಟ್ಟಿದಿರಿ, ನಮ್ಮ ಮುಖ ಮಾತ್ರ ನಿಮಗೆ ಹೇಸಿಗೆಯಾ ಅಂದೆ. ಆತ ಸಿಟ್ಟಾಗಲಿಲ್ಲ, ಅದೇ ಕಷ್ಟ. ‘ನಾನೇನು ಬಿಳಿಯನಾ? ನನ್ನ ಮೂತಿ ನೋಡು, ಸುಟ್ಟ ಆಲೂಗಡ್ಡೆ. ನಂಗೆ ಹೇಸಿಗೆ ಇಲ್ಲಮ್ಮಾ, ಕೊಳ್ಳೋರಿಗಿದೆ. ಹೋಗ್ಲಿ, ಕೊಮಾದ್ರೆನೇ ಕೇಳಿಬಿಡು’ ಅಂದರು. ಕೇಳುವುದೇನಿದೆ ಅಂದೆ. ನಮ್ಮಜ್ಜಿಯ ಮುಖ ಹೇಗಿದೆಯೋ ಹಾಗೆ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ! ಅವರು ತಲೆ ಕೆರೆದುಕೊಂಡು ‘ಹಾಗಾದ್ರೆ ಬೇಡ ಬಿಡು’ ಅಂದರು. ಅಳಿಯ ಆಗಲೇ ಯಾರೋ ಟಿ.ವಿ. ಹುಡುಗಿಗೆ ಲಂಗ ಉಡಿಸಿ, ಸುಳ್ಳು ಜಡೆ ಸಿಕ್ಕಿಸಿ ಫೋಟೊ ತೆಗೆದಿಟ್ಟಿದ್ದ. ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಟ್ಟಳು ಅನ್ನಿಸಿಕೊಳ್ಳಬಾರದೆಂಬ ಹಟಕ್ಕೆ, ಅಜ್ಜಿಯನ್ನು ತೆಗೆದು ಅವಳನ್ನು ಅಲ್ಲಿ ನಿಲ್ಲಿಸಿದವಳು ನಾನೇ. ಸಭೆಯಲ್ಲಿ ಹೇಳಿದಾಗ ಗೆಳೆಯರು ಚಪ್ಪಾಳೆ ತಟ್ಟಿದರು. ಅಜ್ಜಿಗೆ ಹೇಳಲಿಲ್ಲ. ಸಮಯ ನೋಡಿ, ಗೆದ್ದ ಕಥೆಯ ಹಾಗೆ ಹೇಳೋಣ ಅಂದುಕೊಂಡಿದ್ದೆ.

ಆಗಸ್ಟ್ ತಿಂಗಳ ಮೊದಲ ಶುಕ್ರವಾರ ಬಂತು. ಭೂತಾಯಿಗೆ ಹೊಗೆ ಹಾಕುವ ದಿನ ಅಂಗಡಿಗೆ ಹಾಕಿದ ಮೇಲೆ ವೆಬ್‌ಸೈಟಿಗೂ ಹಾಕಬೇಡವೇ? ದೋನ್ ಎರ್ಮೋಹೆನೆಸ್ ಇಡೀ ಸಾಲನ್ನೇ ಕರೆದಿದ್ದರು. ಕೆಂಡದ ಮೇಲೆ ಕೋವಾ ಸೊಪ್ಪು, ಸಕ್ಕರೆ ಬಿಲ್ಲೆ, ಲಾಮಾದ ಕೊಬ್ಬು. ಕಣ್ಣು ಬಿಡಲಾಗದಷ್ಟು ಹೊಗೆ. ನನ್ನ ಲ್ಯಾಪ್‌ಟಾಪಿನ ಕುತ್ತಿಗೆಗೆ ಕಾಗದದ ಹಾರ. ಅದರ ಮೂಲೆಮೂಲೆಗೂ ಜೋಳದ ಹೆಂಡ, ಚಿಚಾ, ಚಿಮುಕಿಸುತ್ತಾ ಅವರು ‘ತಾಯಿ, ಒಳ್ಳೆ ಗಿರಾಕಿ ಕಳ್ಸು, ಚೌಕಾಸಿ ಮಾಡೋರ್ನ ಎದುರಂಗಡಿಗೆ ಕಳ್ಸು’ ಅಂತ ಬೇಡಿಕೊಂಡರು. ನಾನು ಕೀಬೋರ್ಡಿಗೆ ಕೊಡೆಯ ಹಾಗೆ ಕೈ ಅಡ್ಡ ಹಿಡಿದು ಕೂತಿದ್ದೆ. ಆಗ ಅಜ್ಜಿ ಬಂದಳು. ಅದೇ ಹಸಿರು ಲಂಗ, ಅದೇ ಟೋಪಿ, ಫೋಟೊದಲ್ಲಿದ್ದ ಹಾಗೇ ಸಿಂಗರಿಸಿಕೊಂಡು, ಎಲ್ಲರಿಗೂ ಹಂಚಲು ಒಂದು ಕೊಪ್ಪರಿಗೆ ಅಪಿ ಹೊರಿಸಿಕೊಂಡು. ಹಿಂದೆ ಅವಳ ಗೆಳತಿಯರ ದಂಡು. ಪದ್ರೀನೋ ನನ್ನ ಮುಖ ನೋಡಿದರು. ‘ನೀನು ಹೇಳಿರ್ತೀಯ ಅಂದ್ಕೊಂಡೆ’ ಅಂತ ಮೆಲ್ಲಗೆ ಅಂದರು. ಅಷ್ಟರಲ್ಲಿ ಅಳಿಯ ಗೋಡೆಯ ಟಿ.ವಿ.ಗೆ ತಂತಿ ಸಿಕ್ಕಿಸಿಯಾಗಿತ್ತು. ಸುಳ್ಳು ಜಡೆಯವಳು ಗೋಡೆ ತುಂಬಾ ನಿಂತಳು.

ಎಲ್ಲರೂ ಒಮ್ಮೆ ಗೋಡೆಯನ್ನು, ಒಮ್ಮೆ ಅಜ್ಜಿಯನ್ನು ನೋಡಿದರು. ಆಮೇಲೆ ಕಡಲೆಕಾಯಿ ಮಾರುವ ದೋನ್ಯಾ ಬಸಿಲಿಯಾ ಅಜ್ಜಿಯ ಕಡೆ ತಿರುಗಿ ಬಾಯಿಬಿಟ್ಟಳು: ‘ಏನೇ ಸತುರ್ನೀನಾ, ಒಂದೇ ವಾರದಲ್ಲಿ ಹರೇಕ್ಕೆ ಬಂದ್ಬಿಟ್ಯಲ್ಲ! ಯಾವ ಸೋಪು ಹಾಕ್ದೆ, ನಮ್ಗೂ ಒಂದ್ ಬಿಲ್ಲೆ ಕೊಡೇ.’ ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳಮ್ಮಾ. ನಕ್ಕು ಎಲ್ಲರಿಗೂ ಅಪಿ ಬಗ್ಗಿಸಿದಳು. ಪದ್ರೀನೋಗೂ ಬಗ್ಗಿಸಿದಳು. ನನಗೂ. ಲೋಟ ಕೊಡುವಾಗ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಗೆದ್ದ ಕಥೆ ಹೇಳಿದೆ. ಅವರು ಹೀಗಂದರು, ನಾನು ಹೀಗಂದೆ, ನಿನ್ನ ಮಾನ ಕಾಪಾಡಿದೆ ಅಂದೆ. ಅವಳು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡಳು. ‘ಅವ್ನು ಬಿಳಿ ಮಾಡ್ತೀನಿ ಅಂದ. ನೀನು ಅಳಿಸೇ ಹಾಕ್ದೆ. ನಿಮ್ಮಿಬ್ರಲ್ಲಿ ನನ್ನ ಕೇಳಿದ್ದು ಯಾರೇ?’ ಎಂದಳು. ಅವಳು ರವಿಕೆಯ ತೋಳನ್ನು ಭುಜದವರೆಗೆ ಸರಿಸಿದಳು. ಬಿಸಿಲು ಕಾಣದ ಜಾಗ, ಮೃದು, ತಿಳಿ. ‘ಇದೂ ನಾನೇ ಅಲ್ವಾ? ಬಿಸಿಲು ತಿಂದಿದ್ದನ್ನ ಒಂದು ಫೋಟೊದಲ್ಲಿ ವಾಪಸ್ ಇಸ್ಕೊಂಡ್ರೆ ನಿಮ್ಮ ಸಂಘದ ಗಂಟೇನು ಹೋಗ್ತಿತ್ತು?’

ಅಂದಿನಿಂದ ಅವಳು ಆ ಬಾಗಿಲಲ್ಲಿ ಕೂರುತ್ತಿಲ್ಲ. ಕೊಪ್ಪರಿಗೆಯನ್ನು ಬಸ್ಸು ನಿಲ್ಲುವ ಕಡೆ ಒಯ್ದಿದ್ದಾಳೆ, ಅಲ್ಲಿ ಅವಳ ಪರಿಚಯದವರಿಲ್ಲ. ಟೋಪಿ ಗೋಡೆಯ ಮೊಳೆಯಲ್ಲಿದೆ. ನನ್ನ ಹಳೆಯ ಪ್ಯಾಂಟು, ಮೇಲೊಂದು ಸ್ವೆಟರು ಹಾಕಿಕೊಂಡು ಹೋಗುತ್ತಾಳೆ. ನೀರಿನ ಹೋರಾಟದಲ್ಲಿ ರಸ್ತೆ ತಡೆದು ಕೂತವರಿಗೆ ಅಪಿ ಹೊತ್ತು, ಹೊಗೆಬಾಂಬಿನ ನಡುವೆ ಅದೇ ಲಂಗ ಎತ್ತಿ ಕಟ್ಟಿ ಓಡಿದವಳು ಈಗ ನನ್ನ ಪ್ಯಾಂಟಿನೊಳಗೆ ಸಣ್ಣಗಾಗಿ ಕಾಣುತ್ತಾಳೆ. ಮೊನ್ನೆ ಇನ್ನೊಂದು ಮಾತು ತೆಗೆದಳು. ಈ ವಾರದ ಉರ್ಕುಪಿನ್ಯಾ ಮಾತೆಯ ಹಬ್ಬ ಕಳೆದ ಮೇಲೆ ಜಡೆ ಕತ್ತರಿಸಿಕೊಳ್ಳುತ್ತಾಳಂತೆ. ‘ಎಪಿಫಾನಿಯಾ ಕತ್ತರಿಸ್ಕೊಂಡೇ ವಿಮಾನ ಹತ್ತಿದ್ಲಲ್ಲ, ಅವ್ಳೇನು ಕೆಟ್ಟೋದ್ಲಾ?’ ಅಂದಳು. ನಿನ್ನ ಆ ಜಡೆ ಅವಳ ಪೆಟ್ಟಿಗೆಯಲ್ಲಿ ಇನ್ನೂ ಇದೆ, ಬಟ್ಟೆಯಲ್ಲಿ ಸುತ್ತಿ. ನಿನಗೆ ಗೊತ್ತಿರಲಿಕ್ಕಿಲ್ಲ.

ದೋನ್ ಎರ್ಮೋಹೆನೆಸ್ ಹೇಳಿದ್ದು ತಪ್ಪೇ. ಇವತ್ತು ಕೇಳಿದರೂ ತಪ್ಪೆನ್ನುತ್ತೇನೆ. ನಮ್ಮ ಮುಖಕ್ಕೆ ಹಾಲು ಬೆರೆಸು ಎನ್ನುವ ಈ ಊರಿನ ಮೇಲೆ ನನ್ನ ಸಿಟ್ಟು ಒಂದು ಹನಿಯೂ ಇಳಿದಿಲ್ಲ. ಆದರೆ ಆ ಸಿಟ್ಟಿನಲ್ಲಿ ಅವಳ ಬಾಯಿಗೆ ನಾನೇ ಕೈ ಅಡ್ಡ ಹಿಡಿದೆನಲ್ಲ. ಕ್ಲೈಂಟ್ ಹೂವು ಹಾಕು ಅಂದಾಗ ಯಾವ ಹೂವು ಅಂತ ಕೇಳುತ್ತೇನೆ. ಅಜ್ಜಿಗೆ ಏನು ಬೇಕು ಅಂತ ಕೇಳಲಿಲ್ಲ. ಬೀದಿಯಲ್ಲಿ ನಿಂತು ಅಜ್ಜಿಯಂಥವರ ಪರವಾಗಿ ನಾನು ಇಷ್ಟು ವರ್ಷ ಕೂಗಿದೆ. ಇವರೆದುರು ಸುಮ್ಮನೆ ಕೂರುವುದನ್ನು ಕಲಿಯಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಮುದುಕಿ ಬಿಟ್ಟ ತಂಗಳನ್ನು ತಿನ್ನಬೇಡ. ಭೂತಾಯಿ ನಿನ್ನ ಮೊಣಕಾಲನ್ನೂ, ದೂರದ ಆ ಮನೆಯಲ್ಲಿ ನಿನ್ನ ನಿದ್ದೆಯನ್ನೂ ಕಾಯಲಿ.

ನಿನ್ನ ಮಗಳು,
ಸುಲ್ಮಾ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಜ್ಜಿ ಬಂದು ಹಿಂದೆ ನಿಂತಳು. ‘ಒಳಗೇನಿಟ್ಟೆ?’ ಕಾಗದ ಅಂದೆ. ‘ನನ್ನ ಫೋಟೊ?’ ಅಂದಳು. ಈ ಸಲ ಕೇಳಿದೆನಮ್ಮಾ: ‘ಇಡ್ಲಾ ಅಜ್ಜಿ? ಇರೋ ಹಾಗೆ ಇಡ್ಲಾ, ತಿಳಿ ಮಾಡಿ ಇಡ್ಲಾ?’ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. ‘ಎರಡನ್ನೂ ಇಡು. ಎರಡ್ರಲ್ಲಿ ಅವಳಮ್ಮ ಯಾವ್ದು ಅಂತ ಎಪಿಫಾನಿಯಾನೇ ಹೇಳ್ಲಿ. ಅಲ್ಲೀವರ್ಗೂ ಜಡೆ ಹಾಗೇ ಇರ್ಲಿ.’ ತಿಳಿ ಮಾಡಿದ್ದು ನಾನೇ, ಅವಳು ಪಕ್ಕದಲ್ಲಿ ಕೂತು ‘ಇನ್ನೊಂಚೂರು, ಸಾಕು, ಸಾಕು’ ಅನ್ನುತ್ತಿದ್ದಳು. ಕೆಳಗೆ ಅಂಗಡಿಗೆ ಓಡಿಹೋಗಿ ಎರಡನ್ನೂ ಪ್ರಿಂಟ್ ಹಾಕಿಸಿ ಒಳಗಿಟ್ಟಿದ್ದೇನೆ. ಮುಂದಿನ ಭಾನುವಾರ ನಿನ್ನ ಫೋನಿಗೆ ಕಾಯುತ್ತಾಳೆ. ಏನು ಹೇಳಬೇಕೆಂದು ನಾನು ಬರೆಯುವುದಿಲ್ಲ. ನೋಡಿ ಹೇಳು. ಕಾಗದ ಒಯ್ಯಲು ನಿಲ್ಡಾ ಬಾಗಿಲು ಬಡಿಯುತ್ತಿದ್ದಾಳೆ.