‘ತಪ್ಪಾಯ್ತು’ ಅಂದದ್ದೇ ತಪ್ಪಾಯ್ತು

ಮನೆಯಿಂದ,
ಹದಿನೇಳನೇ ತಾರೀಕು, ಭಾನುವಾರ

ಮಗನೇ,

ಅಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎದುರಿಗೇ ಕೂತು ಹೇಳೋಣ ಎಂದುಕೊಂಡಿದ್ದೆ, ಅದು ಕೂಡಿಬರಲಿಲ್ಲ. ಜೊತೆಗೆ ಅಂಗಡಿಯಲ್ಲಿ ಸಮವಸ್ತ್ರಗಳ ರಾಶಿ. ಶಾಲೆ ತೆರೆಯುವ ಹಿಂದಿನ ವಾರವೇ ಊರಿನ ತಾಯಂದಿರಿಗೆಲ್ಲ ಒಟ್ಟಿಗೆ ಜ್ಞಾನೋದಯವಾಗುತ್ತದೆ. ಕಟಿಂಗ್ ಟೇಬಲ್ಲಿನ ಮೇಲೆ ಅಷ್ಟು ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ಹೆಂಡತಿಗೆ ಏಳು ತಿಂಗಳು ತುಂಬಿತು. ಕಾಲು ಊದಿಕೊಳ್ಳುತ್ತದೆ, ಮೆಷಿನ್ ತುಳಿಯಬೇಡ ಎಂದರೆ ಕೇಳುವುದಿಲ್ಲ. “ಸುಮ್ನೆ ಕೂತ್ರೆ ಯೋಚನೆ ಬರುತ್ತೆ ಅತ್ತೆ” ಅನ್ನುತ್ತಾಳೆ. ಗುಂಡಿ ಹಚ್ಚುವ ಕೆಲಸ ಕೊಟ್ಟು ಕೂರಿಸಿದ್ದೇನೆ. ನಿನ್ನ ಮಗಳ ಮುಂದಿನ ಹಲ್ಲು ಬಿದ್ದಿದೆ. ಅಪ್ಪ ಎಲ್ಲಿ ಎಂದು ಕೇಳಿದಳು. ಊರಿಗೆ ಹೋಗಿದ್ದಾನೆ, ಗೀರಿಗೆ ಹೋಗಿದ್ದಾನೆ ಎಂಬ ಕಥೆ ನನ್ನ ಹತ್ತಿರ ನಡೆಯುವುದಿಲ್ಲ. ಇದ್ದದ್ದನ್ನು ಹೇಳಿದೆ. “ನಿಮ್ಮಪ್ಪ ಜೈಲಲ್ಲಿದ್ದಾನೆ. ಅವನು ಕದ್ದಿಲ್ಲ. ಅದು ಎಲ್ಲರಿಗೂ ಗೊತ್ತಾಗೋಕೆ ಸ್ವಲ್ಪ ಟೈಮ್ ಬೇಕು.”

“ಎಷ್ಟು ಟೈಮ್ ಅಜ್ಜಿ?”

“ಗೊತ್ತಿಲ್ಲ.”

“ನಿಂಗೂ ಗೊತ್ತಿಲ್ವಾ?” ಎಂದು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ನನಗೆ ಗೊತ್ತಿಲ್ಲದ ಸಂಗತಿಯೂ ಪ್ರಪಂಚದಲ್ಲಿದೆ ಎಂದು ಮಗುವಿಗೆ ಅಂದೇ ತಿಳಿದದ್ದು.

ಈಗ ವಿಷಯಕ್ಕೆ ಬರುತ್ತೇನೆ. ಗುರುವಾರ ವಕೀಲಮ್ಮ ಬಂದಿದ್ದಳು. ವಯಸ್ಸು ಚಿಕ್ಕದು, ನಡಿಗೆ ಚುರುಕು, ಕೋಟಿನ ತೋಳು ಮಾತ್ರ ಎರಡು ಬೆರಳು ಉದ್ದ. ಅದನ್ನು ಬಿಚ್ಚಿಸಿಕೊಂಡು ಸರಿಮಾಡುತ್ತಿರುವಾಗ ಮೆಲ್ಲಗೆ ಬಾಯಿಬಿಟ್ಟಳು. “ಅಮ್ಮಾ, ನಿಮ್ಮ ಮಗ ಮುಂದಿನ ವಾಯಿದೆಯಲ್ಲಿ ತಪ್ಪು ಒಪ್ಕೊಂಡ್‌ಬಿಡ್ತೀನಿ ಅಂತಿದ್ದಾರೆ.” ಗಾರ್ಮೆಂಟ್ಸ್ ಫ್ಯಾಕ್ಟರಿಯ ಸ್ಟೋರಿನಿಂದ ಹೊಲಿಗೆ ಮೆಷಿನ್ನಿನ ಮೋಟರುಗಳನ್ನು ಕದ್ದವನು ನಾನೇ ಎಂದು ನೀನು ಹೇಳಿದರೆ, ಇಷ್ಟು ದಿನ ಒಳಗಿದ್ದದ್ದನ್ನೇ ಶಿಕ್ಷೆ ಎಂದು ಎಣಿಸಿ ಬಿಟ್ಟುಬಿಡುತ್ತಾರಂತೆ. ಹೆರಿಗೆಯ ಹೊತ್ತಿಗೆ ಮನೆಯಲ್ಲಿರಬಹುದು ಎಂದು ನಿನ್ನ ಆಸೆ. ಸೂಜಿ ಬೆರಳಿಗೆ ಹೊಕ್ಕಿತು. ಕೋಟಿಗೆ ರಕ್ತ ತಾಗದಂತೆ ನೋಡಿಕೊಂಡೆ.

ನಿನ್ನ ಮೇಲಿರುವ ಸಾಕ್ಷಿ ಏನು ಎಂದು ಅವಳನ್ನೇ ಕೇಳಿದೆ. ಮೆಷಿನ್ ರಿಪೇರಿಯವನಾದ್ದರಿಂದ ಸ್ಟೋರಿನ ಬೀಗದಕೈ ನಿನ್ನ ಹತ್ತಿರ ಇತ್ತು, ಅದೊಂದು. ಇನ್ನೊಂದು, ಸ್ಟೋರಿನ ಬಾಗಿಲು ತೆಗೆದ ಮಾಲೀಕರು ಖಾಲಿ ಜಾಗ ನೋಡಿ “ಏನಯ್ಯಾ ಇದು?” ಎಂದು ಕೂಗಿದಾಗ ಎಲ್ಲರೆದುರು ನೀನು “ತಪ್ಪಾಯ್ತು ಸಾರ್” ಅಂದದ್ದು. ಪೊಲೀಸರು ಅದನ್ನು ಬರೆದುಕೊಂಡರು. ಆಮೇಲೆ ಠಾಣೆಗೆ ಹೋಗಿ ಅಲ್ಲಿಯೂ ಕುರ್ಚಿ ಎಳೆದ ಸದ್ದಿಗೆ “ತಪ್ಪಾಯ್ತು ಸಾರ್” ಅಂದೆಯಂತೆ. ಅದನ್ನೂ ಬರೆದುಕೊಂಡರು!

ಅಷ್ಟು ದುಃಖದಲ್ಲೂ ನನಗೆ ನಗು ಬಂತು. “ವಕೀಲಮ್ಮಾ, ಅವನು ಬಾಗಿಲಿಗೆ ತಲೆ ಹೊಡ್ಕೊಂಡ್ರೆ ಬಾಗಿಲಿಗೂ ತಪ್ಪಾಯ್ತು ಅಂತಾನೆ” ಅಂದೆ. ಅವಳು ಕೋಟು ಮರೆತು ಎದ್ದು ನಿಂತಳು. “ಇದನ್ನ ಕೋರ್ಟಲ್ಲಿ ಹೇಳ್ತೀರಾ?” “ಯಾಕೆ ಹೇಳ್ಬಾರದು? ನಂಗೇನು ಭಯ?” ಈ ಗುಣ ನಿನಗೆ ನಿಮ್ಮಪ್ಪನಿಂದ ಬಂದದ್ದು ಎಂದೂ ಹೇಳಿದೆ. ನನ್ನ ಕಡೆಯದಂತೂ ಅಲ್ಲ. ನಾನು ನಿಜವಾಗಿ ತಪ್ಪು ಮಾಡಿದಾಗಲೂ ಆ ಮಾತು ಆಡಿದವಳಲ್ಲ.

ಮಾರನೇ ದಿನ ನಿಮ್ಮ ಫ್ಯಾಕ್ಟರಿಯ ಕಟಿಂಗ್ ಮಾಸ್ಟರ್ ತಾವಾಗಿಯೇ ಬಂದರು. “ಅಮ್ಮಾ, ಅವ್ನು ಮೆಷಿನ್‌ಗೆ ಎಣ್ಣೆ ಜಾಸ್ತಿ ಬಿಟ್ರೆ ಮೆಷಿನ್ ಹತ್ರ ಕ್ಷಮೆ ಕೇಳೋ ಗಿರಾಕಿ. ನಾನೂ ಬಂದು ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ, ನಿಮ್ಮಂಗಡೀಲಿ ಕತ್ತರಿ ಕೊಡ್ತೀರಲ್ಲ?” ಎಂದರು. ಕತ್ತರಿ ಕೊಡುತ್ತೇನೆ, ಹರಟೆಗೆ ಮಾತ್ರ ಸಂಬಳ ಇಲ್ಲ ಎಂದೆ. ಮೋಟರು ಸಾಗಿಸಿದ ವ್ಯಾನಿನವನು ಯಾರೆಂದೂ ವಕೀಲಮ್ಮ ಪತ್ತೆ ಮಾಡಿದ್ದಾಳೆ. ಅವನನ್ನು ಕರೆಸಿ ಕೇಳಬೇಕು. ವಾಯಿದೆ ಮೇಲೆ ವಾಯಿದೆ ಬಿದ್ದು ತಿಂಗಳುಗಟ್ಟಲೆ ಹಿಡಿಯುತ್ತದೆ. ಮಗು ಹುಟ್ಟುವುದು ಅದಕ್ಕಿಂತ ಮೊದಲೇ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ನಿನ್ನ ಭಾವ ಮಾತ್ರ ಬೇರೆ ರಾಗ ಹಾಡಿದರು. “ಅತ್ತೆ, ಒಪ್ಕೊಂಡು ಬಂದ್‌ಬಿಡ್ಲಿ. ನಾಲ್ಕು ದಿನ ಜನ ಆಡ್ಕೋತಾರೆ, ಆಮೇಲೆ ಯಾರಿಗೆ ನೆನಪಿರುತ್ತೆ?” ನಾನು ಬಾಯಿ ತೆರೆಯುವ ಮೊದಲೇ ನಿನ್ನ ಹೆಂಡತಿ ಗುಂಡಿಯ ಡಬ್ಬಿ ಕೆಳಗಿಟ್ಟಳು. “ಅಣ್ಣಾ, ಹೆರಿಗೆ ನಂದು. ಅವ್ರು ಇಲ್ದೇನೂ ಆಗುತ್ತೆ. ಕಳ್ಳನ ಮಗು ಅನ್ನೋ ಹೆಸರು ಮಾತ್ರ ಈ ಮಗೂಗೆ ಬೇಡ.” ನಿನ್ನ ಭಾವ ಟೀ ಕುಡಿಯದೆ ಎದ್ದರು. ಸೊಸೆ ಬಾಯಿ ಮಾಡಿದಳೆಂದು ನನಗೆ ಖುಷಿಯಾದದ್ದು ಇದೇ ಮೊದಲು. ಅವಳಿಗೆ ಹೇಳಲು ಹೋಗಬೇಡ, ತಲೆ ಮೇಲೆ ಕೂರುತ್ತಾಳೆ.

ತಪ್ಪು ಹೊಲಿಗೆಯನ್ನು ಎಳೆದರೆ ಬಟ್ಟೆ ಹರಿಯುತ್ತದೆ. ಒಂದೊಂದೇ ದಾರ ಎತ್ತಿ ಬಿಚ್ಚಬೇಕು. ಕಣ್ಣು ನೋಯುತ್ತದೆ, ಕತ್ತು ಹಿಡಿಯುತ್ತದೆ, ಆದರೆ ಬಟ್ಟೆ ಉಳಿಯುತ್ತದೆ. ನೀನು ಒಳಗೆ ಪಡುವ ಕಷ್ಟ ನನಗೆ ಗೊತ್ತು ಎಂದು ಬೊಗಳೆ ಬಿಡುವುದಿಲ್ಲ. ಅಲ್ಲಿ ಮಲಗುವವಳು ನಾನಲ್ಲ. ಇನ್ನಷ್ಟು ದಿನ ಸಹಿಸು ಎಂದು ಕೇಳುವ ಹಕ್ಕು ನನಗಿದೆಯೋ ಇಲ್ಲವೋ, ಕೇಳುತ್ತಿದ್ದೇನೆ. ಮಾಡದ್ದನ್ನು ಮಾಡಿದೆ ಎನ್ನಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರ ಜೊತೆಗೂ ಜಗಳಕ್ಕೆ ಹೋಗಬೇಡ, ಹಾಗೆಂದು ಎಲ್ಲರಿಗೂ ಬಗ್ಗಲೂ ಬೇಡ. ದೇವರು ನಿನ್ನ ಬೆನ್ನಿಗಿರಲಿ. ನಾನಂತೂ ಇದ್ದೇನೆ.

ನಿನ್ನ
ಅಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಭೇಟಿಗೆ ವಾರಕ್ಕೆ ಒಬ್ಬರನ್ನೇ ಬಿಡುತ್ತಾರೆ. ಬಸುರಿಗೆ ಅಷ್ಟು ದೂರದ ಬಸ್ಸು ಬೇಡ ಎಂದು ಪ್ರತಿ ಬುಧವಾರ ನಾನೇ ಬರುತ್ತಿದ್ದೇನೆ. ಗಾಜಿನ ಈಚೆ ಕುರ್ಚಿಯಲ್ಲಿ ಕೂರುತ್ತೇನೆ. ಪೇದೆ ಬಂದು “ಬರಲ್ಲ ಅಂದ್ರಮ್ಮ” ಅನ್ನುತ್ತಾನೆ. ಈಗೀಗ ಆ ಮಾತು ಹೇಳುವಾಗ ಅವನು ನನ್ನ ಮುಖ ನೋಡುವುದಿಲ್ಲ. ಮನೆಗೆ ಬಂದು ನಿನ್ನ ಹೆಂಡತಿಗೆ, ಚೆನ್ನಾಗಿದ್ದಾನೆ, ಸ್ವಲ್ಪ ದಪ್ಪಗಾಗಿದ್ದಾನೆ, ನಿನ್ನನ್ನು ಕೇಳಿದ ಎನ್ನುತ್ತೇನೆ. ಅವಳು ನಂಬುತ್ತಾಳೆ.

ನಾಚಿಕೆಯಿಂದ ಬರುತ್ತಿಲ್ಲ ಎಂದುಕೊಂಡಿದ್ದೆ. ವಕೀಲಮ್ಮ ಬಂದು ಹೋದ ಮೇಲೆ ಅರ್ಥವಾಯಿತು. ನನ್ನೆದುರು ಕೂತರೆ ನಿನಗೆ ಆ ಸುಳ್ಳು ಹೇಳಲಾಗುವುದಿಲ್ಲ. ಈ ಬುಧವಾರ ಬಾ. ನನ್ನ ಕಣ್ಣು ನೋಡಿ “ಹೌದಮ್ಮ, ನಾನೇ ಕದ್ದೆ” ಎನ್ನು. ಎಂದರೆ ನಿನ್ನಿಷ್ಟದಂತೆ ಮಾಡು, ನಾನೇ ವಕೀಲಮ್ಮನಿಗೆ ಹೇಳುತ್ತೇನೆ. ಹೇಳಲಾಗದಿದ್ದರೆ ಸುಮ್ಮನೆ ಕೂತಿರು, ಮಾತು ಬೇಡ. ನೀನು ನಿಜವಾಗಿ ಹೇಗಿದ್ದೀಯೆಂದು ಒಂದು ಸಲ ನೋಡಿಕೊಂಡು ಬರುತ್ತೇನೆ.