ಮೆಣಸಿನ ಕಾಳಿನಷ್ಟು ಜಾಗ

ಅಕ್ಕಾ,

ನೀನು ಹೋಗಿ ಎರಡು ವರ್ಷವಾಯಿತು, ಇದನ್ನು ಓದುವುದಿಲ್ಲ ಅಂತ ಗೊತ್ತು. ಆದರೂ ಹೇಳದೆ ಇರಲಾರೆ. ಎದೆಬಡಿತ ತಾಳ ತಪ್ಪಿದವರ ಚಿಕಿತ್ಸೆ ಬಗ್ಗೆ ನಮ್ಮ ಆಸ್ಪತ್ರೆಯವರು ಇಂಟರ್‌ನೆಟ್ಟಿಗೆ ಹಾಕಿದ ಬರಹವನ್ನು ಡಾಕ್ಟರಮ್ಮ ಇವತ್ತು ಕಸ ಗುಡಿಸುವ ನನ್ನ ಕೈಲಿ ಓದಿಸಿದರು.

"ನಿಮಗೆ ಅರ್ಥವಾದರೆ ಎಲ್ಲರಿಗೂ ಆಗುತ್ತೆ."

"ಅಷ್ಟು ದಡ್ಡಿನಾ ನಾನು?" ಅಂದೆ. ಎಲ್ಲರೂ ನಕ್ಕರು.

"ಹೃದಯದ ಭಾಗವನ್ನು ಸುಡಲಾಗುತ್ತದೆ" ಅಂತ ಇತ್ತು. ನಿನಗೂ ಇದೇ ಕಾಯಿಲೆ ಅಂತ ಗೊತ್ತಾದಾಗ, ಅವತ್ತು ನಿನ್ನ ಫೋನಿನಲ್ಲಿ ನಾನೇ ಓದಿ ಹೇಳಿದ್ದೂ ಇದೇ ಮಾತು. "ಒಲೆ ಮುಂದೆ ಸುಟ್ಟುಕೊಂಡಿದ್ದು ಸಾಲದೇನೇ?" ಅಂತ ನಕ್ಕೆ ನೀನು. ಮತ್ತೆ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ಅವತ್ತು ನಾನೂ ನಕ್ಕಿದ್ದೆ.

"ಎಷ್ಟು ಸುಡ್ತೀರಿ?" ಅಂತ ಇವತ್ತು ಡಾಕ್ಟರಮ್ಮನನ್ನು ಕೇಳಿದೆ.

"ಮೆಣಸಿನ ಕಾಳಿನಷ್ಟು ಜಾಗ. ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಕಳಿಸ್ತೀವಿ, ಎದೆ ಕೊಯ್ಯಲ್ಲ."

"ಹಾಗಾದ್ರೆ ಅದನ್ನೇ ಬರೀರಮ್ಮಾ!"

ಅಲ್ಲೇ ತಿದ್ದಿ ಬರೆದರು. ಸಂಜೆ ರೋಗಿಯೊಬ್ಬಳು ಅದನ್ನು ಓದಿ, "ಕಾಳಿನಷ್ಟೇ ಅಂತೆ ಕಣ್ರೀ, ಮಾಡಿಸ್ಕೊಂಡು ಬಿಡ್ತೀನಿ," ಅಂತ ಗಂಡನಿಗೆ ಹೇಳಿದಳು. ದೇವರ ದಯೆ, ಅದು ನನ್ನ ಕಿವಿಗೇ ಬಿತ್ತು. ಬಕೆಟ್ ಹಿಡಿದು ರಾಣಿ ಹಾಗೆ ನಡೆದೆ.

ಮನೆಗೆ ಬಂದು ದೇವರಿಗೆ ದೀಪ ಹಚ್ಚಿ, ತಿದ್ದಿದ ಆ ಸಾಲನ್ನು ನಿನಗೆ ಓದಿದೆ ಅಕ್ಕಾ. ಅವತ್ತು ನಿನಗೆ ಓದಿದಷ್ಟೇ ಗಟ್ಟಿಯಾಗಿ.